ಹುಬ್ಬು

ಡರ್ಬಿಯಲ್ಲಿ ಜುಲೈ. ಎಂಟು ವಾರದ ಸಂಶೋಧನೆ.
ಮಾರ್ಗದರ್ಶಿ ನಾನಂತೆ; ಕಾಗದದಲ್ಲಿ ಹಾಗಿತ್ತು.

ಟೆಗನ್ ಹ್ಯಾಲಮ್‌ಗೆ ಕಿವಿ ಕೇಳಿಸದು.
ದುಭಾಷಿಗೆಂದು ಮಂಜೂರಾದದ್ದು ವಾರಕ್ಕೆ ನಾಲ್ಕು ಗಂಟೆ;
ಮಿಕ್ಕ ಹೊತ್ತೆಲ್ಲ ನಾನು, ಅವಳು, ಬಿಳಿಹಲಗೆ,
ಮತ್ತೆ ಮತ್ತೆ ಒಣಗುವ ಹಸಿರು ಮಾರ್ಕರ್.

ಮೊದಲ ದಿನ ಅವಳೇ ನನಗೆ ಪಾಠ ಹೇಳಿದಳು:
ಎಡಗೈಯ ಐದು ಬೆರಳ ತುದಿಗೆ ಐದು ಸ್ವರ.
ನಮ್ಮ ಭಾಷೆಯಲ್ಲಿ ಹದಿಮೂರಿವೆ ಎಂದು ಬರೆದೆ.
ನನ್ನ ಕಾಲಿನತ್ತ ನೋಡಿ ನಕ್ಕಳು.

ನಲವತ್ತೊಂದರಲ್ಲಿ ನನ್ನ ಕೈ ತೊದಲಿತು.
ಕ್ಯಾಂಟೀನಿನಲ್ಲಿ ಉಪ್ಪು ಕೇಳಲು ಹೋಗಿ
ಏನು ಕೇಳಿದೆನೋ, ಅವಳು ಈಗಲೂ ಹೇಳಿಲ್ಲ.

ಮೂರನೆಯ ವಾರ ನನ್ನ ಮಾದರಿ ತೋರಿಸಿದೆ:
ಕ್ಯಾಮೆರಾ ಕೈ ನೋಡುತ್ತದೆ, ಯಂತ್ರ ಬರೆಯುತ್ತದೆ,
ನೂರಕ್ಕೆ ತೊಂಬತ್ತನಾಲ್ಕು ಸರಿ.
ಅವಳು ಒಂದೇ ಸನ್ನೆಯನ್ನು ಎರಡು ಸಲ ಮಾಡಿದಳು.
ಎರಡು ಸಲವೂ ಪರದೆ ಬರೆಯಿತು:
ನೀನು ಮನೆಗೆ ಹೋಗುತ್ತೀಯ.
ಎರಡನೆಯದು ಪ್ರಶ್ನೆಯಾಗಿತ್ತು.
ನಾವು ಕೊನೆಯ ಅಕ್ಷರಕ್ಕೆ ಕೊಡುವ ದೀರ್ಘ
ಅವಳ ಹುಬ್ಬಿನಲ್ಲಿತ್ತು.
ಮುಖವೆಂದರೆ ಬೇಡದ ಗದ್ದಲವೆಂದು
ಕುತ್ತಿಗೆಯಿಂದ ಮೇಲೆ ಕತ್ತರಿಸಿದವಳು ನಾನೇ.

ಹಲಗೆಯ ಮೇಲೆ ಬರೆದಳು:
ತೊಂಬತ್ತನಾಲ್ಕು ಎಂದು ಎಣಿಸಿದವರು ಯಾರು?
ಕಿವಿಯಿದ್ದವರು.

ಅವಳ ಅಜ್ಜಿಯನ್ನು ಶಾಲೆಯಲ್ಲಿ
ಅಂಗೈ ಮೇಲೆ ಕೂರಿಸುತ್ತಿದ್ದರಂತೆ, ತುಟಿ ಆಡಿಸಲಿ ಎಂದು.
ಹಿರಿಯೂರಿನ ನಮ್ಮ ಮೇಷ್ಟ್ರು ಕೂಗುತ್ತಿದ್ದರು:
ಕೈ ಕಟ್, ಬಾಯ್ ಮುಚ್.
ನಮಗದು ಎರಡು ಕೆಲಸ.
ಆ ಮುದುಕಿಗೆ ಒಂದೇ.

ಆಮೇಲೆ ಪ್ರತಿ ಗುರುವಾರ ಸಂಜೆ
ಅವಳ ಕ್ಲಬ್ಬಿನಿಂದ ಹತ್ತೊಂಬತ್ತು ಜನ ಬಂದರು.
ಒಂದೊಂದು ಸನ್ನೆಗೂ ಜಗಳ; ಚಹಾ ಆರಿಹೋಗುತ್ತಿತ್ತು,
ಕಪ್ಪು ಹಿಡಿದರೆ ಮಾತು ನಿಲ್ಲುತ್ತದಲ್ಲ.
ಅಂಕ ಅರವತ್ತೊಂದಕ್ಕೆ ಇಳಿಯಿತು.
ವಿಭಾಗದವರ ಮುಖ ಸಪ್ಪಗಾಯಿತು.
ಟೆಗನ್ ಆ ಸಂಖ್ಯೆಯ ಸುತ್ತ ಹಸಿರು ವೃತ್ತ ಎಳೆದಳು:
ಈಗ ಇದು ನಿಜ. ಇಲ್ಲಿಂದ ಶುರು.

ಪ್ರಬಂಧದಲ್ಲಿ ಅವಳ ಹೆಸರು ಮೊದಲು. ಅದಕ್ಕೂ
ಮೂರು ಇಮೇಲ್ ಬರೆಯಬೇಕಾಯಿತು, ಆ ಮಾತು ಬೇರೆ.

ಸ್ಟೋಕ್‌ಗೆ ಹೋಗುವ ರೈಲಿನ ಬಾಗಿಲು ಮುಚ್ಚಿತು.
ಪ್ಲಾಟ್‌ಫಾರಂ ತುಂಬ ಗಾಜಿಗೆ ಕೂಗುವ ಬಾಯಿಗಳು,
ಕಿವಿಯ ಬಳಿ ಸುಳ್ಳು ಫೋನು ಹಿಡಿದ ಕೈಗಳು.
ಅವಳೊಬ್ಬಳು ಒಳಗಿನಿಂದ ನಿರಾಳವಾಗಿ
ಮಾತಾಡುತ್ತಲೇ ಇದ್ದಳು.

ರೈಲು ಕದಲಿತು.
ಕೊನೆಯ ವಾಕ್ಯದ ಕೈ ನನಗೆ ತಪ್ಪಿಹೋಯಿತು,
ಹುಬ್ಬು ಮೇಲೆದ್ದದ್ದಷ್ಟೇ ಕಂಡಿತು.

ಹೂಂ ಎಂದು ತಲೆಯಾಡಿಸಿಬಿಟ್ಟೆ.
ಯಾವುದಕ್ಕೆ ಒಪ್ಪಿದೆನೋ.