ಮಗಳ ಬಾಕಿ

ನೀನು ಹುಟ್ಟಿ ನಲವತ್ತು ದಿನ ಕಳೆದ ಮೇಲೆ
ಎಸ್ಕಿಶೆಹಿರಿನ ಈ ನಾಲ್ಕನೇ ಮಹಡಿಗೆ
ಬೂಟು ಬಾಗಿಲಲ್ಲಿ ಬಿಟ್ಟು ಒಬ್ಬೊಬ್ಬರೇ ಬಂದರು,
ನಿನ್ನ ಹಳದಿ ಉಲ್ಲನ್ ಅಂಗಿಗೆ ಪಿನ್ನು ಚುಚ್ಚಿದರು:
ಕೆಂಪು ರಿಬ್ಬನ್ನು, ಅದರ ತುದಿಗೆ
ಹೆಬ್ಬೆರಳ ಉಗುರಿನಷ್ಟು, ಕಾಲು ಪವನಿನ ನಾಣ್ಯ.

ಏಳು ಬಂದವು. ಯಾರದು ಯಾವುದೆಂದು
ಗ್ಯಾಸ್ ಬಿಲ್ಲಿನ ಬೆನ್ನ ಮೇಲೆ ಬರೆದಿಟ್ಟಳು ನಿನ್ನಜ್ಜಿ ಹಾಜೆರ್.
ನಾಳೆ ಅವರ ಮನೆಯ ತೊಟ್ಟಿಲಿಗೆ, ಮದುವೆಗೆ
ಇಷ್ಟನ್ನೇ ಮರಳಿಸಬೇಕು,
ಲೆಕ್ಕ ತಪ್ಪಿದರೆ ಮುಖ ತಪ್ಪುತ್ತದೆ.

ನಿನಗೆ ನಾಲ್ಕು. ಜನವರಿ. ಹೊರಗೆ ಮೈನಸ್ ಹನ್ನೊಂದು.
ಬಾಯ್ಲರು ಕೆಮ್ಮಿ ಕೆಮ್ಮಿ ಸತ್ತಿತು. ಅದೇ ವಾರ
ವ್ಯಾಗನ್ ಕಾರ್ಖಾನೆಯಲ್ಲಿ ನಿನ್ನಪ್ಪನ ಸಂಬಳ ನಿಂತಿತು.
ಕಪಾಟಿನ ತಲೆಯ ಮೇಲಿದ್ದ ಬಿಸ್ಕತ್ತಿನ ಡಬ್ಬಿ ಇಳಿಸಿ
ಏಳನ್ನೂ ಬಿಡಿಸಿದೆ. ರಿಬ್ಬನ್ನುಗಳನ್ನು ಮಾತ್ರ
ಮಡಿಸಿ, ಪಿನ್ನು ಸಮೇತ, ಒಳಗೇ ಬಿಟ್ಟೆ.

ಅಕ್ಕಸಾಲಿಗ ತಕ್ಕಡಿಗೆ ಹಾಕಿದ.
ಮಗುವಿನದೇ, ಎಂದು ಕೇಳಲಿಲ್ಲ.
ಚಳಿಗಾಲದಲ್ಲಿ ಅವನ ಅಂಗಡಿಗೆ ಬರುವುದೆಲ್ಲ
ಮಗುವಿನದೇ.

ಮನೆ ಬಿಸಿಯಾಯಿತು. ಬರಿಗಾಲಲ್ಲಿ ಓಡಿದೆ ನೀನು
ನಿನ್ನದೇ ಚಿನ್ನದ ಮೇಲೆ, ತಿಳಿಯದೆ.

ಆ ರಾತ್ರಿಯೇ ಬರೆದೆ: ನಿಲ್ಗುನ್‌ಗೆ ಕೊಡಬೇಕಾದ್ದು, ಏಳು.
ಲೀರಾದಲ್ಲಿ ಬರೆಯಲಿಲ್ಲ. ಬರೆದಿದ್ದರೆ
ಎಂದೋ ತೀರುತ್ತಿತ್ತು; ಆ ಹಣ ಇವತ್ತು
ಒಂದು ವಾರದ ಸಂತೆಗೂ ಸಾಲದು.
ಕಾಗದದ ಸಾಲ ಕರಗುತ್ತದೆ ಮಗಳೇ,
ನನ್ನದು ಬೆಳೆಯಿತು, ನಿನ್ನ ಬೂಟಿನ ಸೈಜಿನ ಹಾಗೆ,
ಹೋದ ವರ್ಷ ಕೊಂಡದ್ದು ಈ ವರ್ಷ ಹಿಡಿಸದ ಹಾಗೆ.

ಮೊದಲನೆಯದು ಮರಳಲು ಎರಡು ವರ್ಷ:
ಕಂಡವರ ಪರದೆ ಹೊಲಿದು, ಬಸ್ಸು ಬಿಟ್ಟು
ಪೊರ್ಸುಕ್ ಹೊಳೆಯ ದಂಡೆಯಲ್ಲೇ ನಡೆದು.
ಎರಡನೆಯದು, ನಿನ್ನಪ್ಪ ಸಿಗರೇಟು ಬಿಟ್ಟ ವರ್ಷ.
ಮೂರನೆಯದು, ಮತ್ತೆ ಹಚ್ಚಿದ ವರ್ಷ. ಅದು ಹೇಗೆಂದು ಕೇಳಬೇಡ.
ಚಿನ್ನದ ಸೂಜಿಯೆಂದು ಕಣ್ಣಿಗೆ ಚುಚ್ಚಿಕೊಳ್ತೀಯಾ,
ಮಗು ಕೇಳಿತೇ ನಿನ್ನನ್ನು, ಎನ್ನುತ್ತಿದ್ದ ಝೆಕಿ.
ಕೇಳಿರಲಿಲ್ಲ. ಅದೇ ಕಷ್ಟ.
ಕೇಳುವ ಸಾಲಗಾರನಿಗೆ ಸುಳ್ಳಾದರೂ ಹೇಳಬಹುದು.

ಒಮ್ಮೊಮ್ಮೆ ಅಂಗಡಿಯ ಗಾಜಿನ ಮುಂದೆ ನಿಂತಿರುವಾಗಲೇ
ಬೋರ್ಡಿನ ಅಂಕಿ ಬದಲಾಗುತ್ತಿತ್ತು;
ಕೈಯಲ್ಲಿದ್ದ ನೋಟು ಕೈಯಲ್ಲೇ ಸಣ್ಣದಾಗಿ
ಬರಿಗೈಯಲ್ಲಿ ಬರುತ್ತಿದ್ದೆ, ಬ್ರೆಡ್ಡು ಹಿಡಿದು.

ನಿನಗೆ ಹದಿನೆಂಟು ತುಂಬಿದ ಸಂಜೆ ಡಬ್ಬಿ ಕೊಟ್ಟೆ.
ಏಳು ರಿಬ್ಬನ್ನು, ಆರು ನಾಣ್ಯ. ಎಲ್ಲ ಹೇಳಿದೆ.
ಅಳುತ್ತೀಯ ಅಂದುಕೊಂಡಿದ್ದೆ, ತಬ್ಬುತ್ತೀಯ ಅಂತಲೂ.
ನೀನು ಫೋನು ತೆಗೆದು
ಇವತ್ತಿನ ದರ ನೋಡಿದೆ.

ಸೋಮವಾರ ನಾಲ್ಕು ಮಾರಿಬಂದೆ.
ಒಂದು ಹಳೆಯ ಲೇತು, ಒಂದು ಚೀಲ ಬಿಳಿ ಕಲ್ಲು,
ನಮ್ಮ ಸೀಮೆಯ ನೆಲದಡಿಯಿಂದ ಒದ್ದೆಯಾಗಿ ಬಂದು
ಒಣಗಿದರೆ ನೀರಿನಲ್ಲಿ ತೇಲುವ ಕಲ್ಲು.
ಹದಿನಾಲ್ಕು ವರ್ಷದ ಭಾರವನ್ನು
ತೇಲುವ ಕಲ್ಲಿಗೆ ಕೊಟ್ಟಳಲ್ಲ ಎಂದು
ಮೂರು ದಿನ ಮಾತು ಬಿಟ್ಟೆ.

ನಾಲ್ಕನೆಯ ದಿನ, ಬಾಲ್ಕನಿಯಲ್ಲಿ ಒಣಹಾಕಿದ್ದ ಬಟ್ಟೆಯ ಮೇಲೆಲ್ಲ
ಬಿಳಿ ಪುಡಿ. ಬೈಯಲೆಂದೇ ಬಂದೆ.
ಲೇತು ಗುಂಯ್‌ಗುಡುತ್ತಿತ್ತು, ನೀನು ತಲೆಯೆತ್ತಲಿಲ್ಲ,
ರೆಪ್ಪೆಯ ಮೇಲೂ ಪುಡಿ ಕೂತಿತ್ತು.
ಪಕ್ಕದಲ್ಲಿ ಹೊಸ ನೋಟುಬುಕ್ಕು, ತೆರೆದದ್ದು:
ಲೇತಿಗೆ ಇಷ್ಟು, ಕಲ್ಲಿಗೆ ಇಷ್ಟು,
ಮಣಿಸರ ಎರಡಕ್ಕೆ ಮುಂಗಡ ಇಷ್ಟು.
ಕೊನೆಯ ಸಾಲು, ಅಡಿಗೆರೆ ಎಳೆದು:
ಅಮ್ಮನಿಂದ ಬರಬೇಕಾದ್ದು, ಒಂದು.

ಇರಲಿ ಬಿಡು ಅಂತ ಇರಲಿಲ್ಲ. ಅವಸರವಿಲ್ಲ ಅಂತಲೂ ಇರಲಿಲ್ಲ.

ಬಟ್ಟೆ ಕೊಡವಿ ಒಳಗೆ ತಂದೆ.
ಕೆಳಮನೆಯವರ ಪರದೆ ಅರ್ಧಕ್ಕೆ ನಿಂತಿತ್ತು.
ಸೂಜಿಗೆ ದಾರ ಪೋಣಿಸಲು
ಕನ್ನಡಕ ಹುಡುಕಿದೆ, ನಗು ಬಂತು,
ಯಾಕೋ.