ಸರಿ ಇದೆ

ತಿಂಗಳಿಗೊಂದು ಮಂಗಳವಾರ ಈ ಗುಡ್ಡ ಹತ್ತುತ್ತೇನೆ.
ಗಿಪ್ಸ್‌ಲ್ಯಾಂಡಿನ ಒಂದು ಮೂಲೆ, ಕೆರಿಗನ್ ಗುಡ್ಡ,
ಕೊನೆಯ ಮೂರು ಕಿಲೋಮೀಟರು ಬರೀ ಜಲ್ಲಿ.
ಮೂರು ಗೇಟು, ಮೂರು ಬೀಗ,
ಒಂದೊಂದಕ್ಕೂ ಇಳಿ, ತೆಗೆ, ದಾಟಿಸು, ಮತ್ತೆ ಇಳಿ, ಹಾಕು.
ಹೊಸ ಹುಡುಗ ಬ್ರೈಸ್ ಕೇಳುತ್ತಾನೆ:
ಇಲ್ಲಿಗೆ ಯಾರು ಬರ್ತಾರೆ ಕದಿಯೋಕೆ?

ಬರುತ್ತಾರಪ್ಪ.
ಹೋದ ಚಳಿಗಾಲ ತಾಮ್ರದ ಪಟ್ಟಿ ಕಿತ್ತೊಯ್ದರು,
ಸಿಡಿಲನ್ನು ನೆಲಕ್ಕಿಳಿಸುವ ಪಟ್ಟಿ,
ಗುಜರಿಯಲ್ಲಿ ಎರಡು ಪೆಟ್ಟಿಗೆ ಬಿಯರಿನ ಬೆಲೆ.
ಅವರಿಗಿಂತ ನಿಯತ್ತಿನಿಂದ ಬರುವುದು ಬಿಳಿ ಕಾಕಟೂ ಹಿಂಡು.
ಕೊಕ್ಕು ಮಸೆಯಲು ಇಡೀ ಕಾಡು ಬಿಟ್ಟು ನಮ್ಮ ಕೇಬಲ್ಲೇ ಬೇಕು,
ಕಬ್ಬಿನ ಹಾಗೆ ಸಿಪ್ಪೆ ಸುಲಿದು ಉಗಿದು
ಹಳದಿ ಜುಟ್ಟು ಬಿಚ್ಚಿ ನನ್ನನ್ನೇ ಬೈಯುತ್ತವೆ.

ಗೋಪುರ ದೊಡ್ಡದೇನಲ್ಲ.
ನಲವತ್ತು ಮೀಟರ್ ಕಬ್ಬಿಣ, ಬುಡದಲ್ಲೊಂದು ತಗಡಿನ ಕೋಣೆ,
ಒಳಗೆ ಬ್ಯಾಟರಿ ಸಾಲು, ಮೂಲೆಗೆ ಡೀಸೆಲ್ ಜನರೇಟರು,
ಒಂದು ಇಲಿ, ಹೆಚ್ಚಾಗಿ ಸತ್ತದ್ದು.
ಕೆಳಗೆ ಯಾರ ಎದೆ ಹಿಡಿದರೂ, ಯಾರ ಹುಲ್ಲು ಹೊತ್ತಿದರೂ
ಆಂಬುಲೆನ್ಸಿನ ಮಾತು, ಬೆಂಕಿ ಲಾರಿಯ ಮಾತು
ಇಲ್ಲಿಗೆ ಹತ್ತಿ ಇಲ್ಲಿಂದಲೇ ಇಳಿಯಬೇಕು.

ಅಪ್ಪ ಕೆಇಬಿಯಲ್ಲಿ ಲೈನ್‌ಮ್ಯಾನು.
ಹತ್ತುವ ಮುಂಚೆ ಕಂಬಕ್ಕೆ ಹಣೆ ಆನಿಸುತ್ತಿದ್ದ.
ಭಕ್ತಿ ಅಂದುಕೊಂಡಿದ್ದೆ.
ಭಕ್ತಿಯಲ್ಲವೋ, ಅಂದ, ಗೆಣ್ಣಿನಲ್ಲಿ ತಟ್ಟುತ್ತಾ,
ಒಳಗೆ ಗೆದ್ದಲು ತಿಂದಿದ್ದರೆ ತಲೆಗೆ ಕೇಳುತ್ತೆ.
ಕಂಬ ಸುಳ್ಳು ಹೇಳಲ್ಲ. ರಿಜಿಸ್ಟರು ಹೇಳುತ್ತೆ.

ನಾನು ಹೇಳಿಸಿದ ಸುಳ್ಳು ಇನ್ನೂ ಅದರಲ್ಲಿದೆ.
ಮೂರು ವರ್ಷದ ಹಿಂದೆ, ನವೆಂಬರ್ ಹದಿನೆಂಟು.
ಮಳೆ. ತಡವಾಗಿತ್ತು. ಹಸಿವಾಗಿತ್ತು.
ಜನರೇಟರು ಚಾಲೂ ಮಾಡಿ ನೋಡದೆ
ಡೀಸೆಲ್ ಫಿಲ್ಟರ್, ಸರಿ ಇದೆ.
ಪಕ್ಕದಲ್ಲಿ ನನ್ನ ಸಹಿ, ದುಂಡಗೆ.

ಜನವರಿಯಲ್ಲಿ ಬೆಂಕಿ ಬಂತು.
ಕರೆಂಟಿನ ಕಂಬಗಳು ಮೊದಲು ಬಿದ್ದವು.
ಬ್ಯಾಟರಿ ಆರು ತಾಸು ಎಳೆಯಿತು.
ಜನರೇಟರು ಕೆಮ್ಮಿತು,
ಕೆಮ್ಮಿತು,
ಕೂತಿತು.
ಹೆಲಿಕಾಪ್ಟರಿನ ಬದಲಿ ಸೆಟ್ಟು ಮೇಲೇರುವ ತನಕ ಹನ್ನೊಂದು ನಿಮಿಷ.

ವಿಲ್ಗಾ ಹಳ್ಳದ ತಿರುವಿನಲ್ಲಿ ಮೋರೀನ್ ಹ್ಯಾಲೊರನ್,
ಎರಡನೇ ಲಾರಿ, ಗಾಳಿ ತಿರುಗಿತೆಂದು ಹೇಳಲು
ಗುಂಡಿ ಒತ್ತಿದಳು. ಬಿಟ್ಟಳು. ಒತ್ತಿದಳು.

ಬದುಕಿದ್ದಾಳೆ. ಅಂಗಡಿಯಲ್ಲಿ ಸಿಗುತ್ತಾಳೆ.
ಎಡಗೈ ಚರ್ಮ ಹೊಸ ಪ್ಲಾಸ್ಟಿಕ್ಕಿನಂತೆ ಮಿರುಗುತ್ತದೆ,
ಹಾಲಿನ ಬೆಲೆ ಮಾತಾಡುತ್ತಾಳೆ.
ಒಮ್ಮೆ ಮಾತ್ರ ಅಂದಳು: ಬೆಂಕಿಗಲ್ಲ, ಆ ಸದ್ದಿಲ್ಲದ್ದಕ್ಕೆ ಹೆದರಿದೆ.
ಸಹಿ ಯಾರದೆಂದು ಅವಳಿಗೆ ಗೊತ್ತೋ ಇಲ್ಲವೋ.
ಕೇಳಿಲ್ಲ.
ತನಿಖೆಯವರು ಬಂದು ಪುಟ ತಿರುವಿ ಬರೆದರು:
ನಿರ್ವಹಣೆಯ ದಾಖಲೆಗಳು ಸಮರ್ಪಕ.

ಅಂದಿನಿಂದ ನನಗೆ ಮೌನದಲ್ಲಿ ಎರಡು ಜಾತಿ.
ಒಂದರ ಅಡಿಯಲ್ಲಿ ಸಣ್ಣಗೆ ಹಿಸ್ಸೆನ್ನುವ ಉಸಿರಿದೆ,
ಯಾರೂ ಮಾತಾಡುತ್ತಿಲ್ಲ, ಆದರೆ ಆಡಬಹುದು.
ಇನ್ನೊಂದರಲ್ಲಿ ಅದೂ ಇಲ್ಲ.
ರಾತ್ರಿ ಅಡುಗೆಮನೆಯಲ್ಲಿ ರೇಡಿಯೋ ತೆರೆದಿಟ್ಟು
ಮೊದಲನೆಯದು ಕೇಳಿಸಿದ ಮೇಲೆ ಮಲಗುತ್ತೇನೆ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ.
ನಗುವುದು ಸುಲಭ.
ತೋಡಿದ ಬಾವಿಯೂ ಹೂಳು ತುಂಬುತ್ತದೆ,
ಅದಕ್ಕೆ ಗಾದೆ ಯಾರೂ ಕಟ್ಟಿಲ್ಲ.

ಬ್ರೈಸ್ ಆಗಲೇ ಪೆನ್ನು ತೆಗೆದಿದ್ದಾನೆ.
ಅವನ ಕೈ ಮೇಲೇ ಪುಸ್ತಕ ಮುಚ್ಚುತ್ತೇನೆ.
ಮೊದಲು ಚಾಲೂ ಮಾಡು. ಅರ್ಧ ಗಂಟೆ ಓಡಲಿ.

ಹೊರಗೆ ಕಲ್ಲಿನ ಮೇಲೆ ಕೂತು ಫ್ಲಾಸ್ಕಿನ ಚಹಾ.
ಬೆನ್ನಿಗೆ ತಗಡಿನ ಗೋಡೆ ಗುಡುಗುತ್ತದೆ,
ಕಾಕಟೂಗಳು ದೂರದ ಗಮ್ ಮರಕ್ಕೆ ಹೋಗಿ ಕೂತಿವೆ.
ಕಣಿವೆಯಲ್ಲಿ ಯಾರೋ ಹುಲ್ಲು ಕತ್ತರಿಸುತ್ತಿದ್ದಾರೆ.
ಬ್ರೈಸ್ ಗಡಿಯಾರ ನೋಡಿ, ಇಪ್ಪತ್ತೆಂಟು, ಅಂದ.
ಇನ್ನೆರಡು, ಅಂದೆ.