ಡ್ರಮ್ಮಿನವನಿಗೆ ಎಣಿಕೆ ಬಾರದು ಎಂದಿದ್ದೆ

ಕ್ಯಾಸೆಟ್ಟಿನ ಮೇಲೆ ಒಂದು ದೀಪಸ್ತಂಭ,
ಬೆಳಕಿನ ಬದಲು ಹೊಗೆ ಕಾರುವುದು.
ಇನಾಸ್ ಅದನ್ನು ಕೋಡಿಬಾಗದ ಬಸ್‌ಸ್ಟಾಪಿನಲ್ಲಿ ಕೊಟ್ಟಾಗ
ನಮಗೆ ಹತ್ತೊಂಬತ್ತು. ತೊಂಬತ್ತೆಂಟರ ನವೆಂಬರು.
'ಕೇಳು ಪಾತ್ರಾಂವ್, ಒಂದೇ ಹಾಡು ಇಪ್ಪತ್ತಮೂರು ನಿಮಿಷ!'
ಸಿಕ್ಕಿದ ಇಸ್ವಾಣ ಎಷ್ಟುದ್ದ ಎಂದು ತೋರಿಸುವವನಂತೆ
ಎರಡೂ ಕೈ ಚಾಚಿದ್ದ.

ನಾನು ಹನ್ನೊಂದು ನಿಮಿಷ ಕೇಳಿದೆ.
ಗಿಟಾರಿನವ ಏಣಿ ಹತ್ತುತ್ತಾನೆ, ಇಳಿಯುತ್ತಾನೆ,
ಮತ್ತೆ ಅದೇ ಏಣಿ. ಮೇಲೆ ಅಟ್ಟವೇ ಇಲ್ಲ.
ಕೀಬೋರ್ಡಿನಲ್ಲಿ ಮದುವೆ ವಿಡಿಯೋದ ನಕ್ಷತ್ರಗಳು ಸಿಡಿಯುತ್ತವೆ.
ಡ್ರಮ್ಮಿನವ ಪಾಪ, ಅವನಿಗೆ ಎಣಿಸಲಿಕ್ಕೇ ಬರುವುದಿಲ್ಲ:
ಕತ್ತಲಲ್ಲಿ ಕಾಲಿಟ್ಟರೆ
ಇರಬೇಕಾದಲ್ಲಿ ಮೆಟ್ಟಿಲಿಲ್ಲ.
ಹೀಗೆಂದು ಕಾಲೇಜು ಕ್ಯಾಂಟೀನಿನಲ್ಲಿ ಎಲ್ಲರೆದುರು
ಅಭಿನಯಿಸಿ ನಗಿಸಿದೆ. ಇನಾಸನೂ ನಕ್ಕ.
ಕ್ಯಾಸೆಟ್ಟು ನಾನು ವಾಪಸು ಕೊಡಲಿಲ್ಲ.
ಅವನೂ ಕೇಳಲಿಲ್ಲ.

ಆಮೇಲೆ ಬೈತಖೋಲದ ಬಂದರಿನಲ್ಲಿ
ಇಪ್ಪತ್ತೈದು ವರ್ಷ ಇಂಜಿನು ಬಿಚ್ಚಿದೆ, ಕಟ್ಟಿದೆ.
ಡೀಸೆಲ್ಲು ಉಗುರಿನ ಬುಡಕ್ಕಿಳಿಯಿತು.
ಬೋಟು ಧಕ್ಕೆಗೆ ತಾಗುವ ಮೊದಲೇ,
ಚಹಾ ಕುಡಿಯುತ್ತಲೇ, ಹೇಳಬಲ್ಲೆ ಈಗ:
'ಆರರಲ್ಲಿ ಒಂದು ಉರಿಯುತ್ತಿಲ್ಲ ತಾಂಡೇಲರೇ, ನಾಝಲ್ ನೋಡಿಸಿ.'
ಉರಿದ ಐದಕ್ಕಿಂತ
ಉರಿಯದ ಒಂದೇ ಹೆಚ್ಚು ಕೇಳಿಸುತ್ತದೆ.

ಈ ಜುಲೈ. ಬೋಟುಗಳೆಲ್ಲ ದಡದಲ್ಲಿ, ತಾಡಪಾಲು ಹೊದ್ದು.
ಶೆಡ್ಡಿನ ಹುಡುಗ ಪ್ರಥಮೇಶ
ಫೋನಿನಲ್ಲಿ ಏನೋ ಹಚ್ಚಿಕೊಂಡು ಪಿಸ್ಟನ್ ಉಜ್ಜುತ್ತಿದ್ದ.
ನನ್ನ ಕೈಯ ಪಾನಾ ನಿಂತಿತು.
'ಯಾರದೋ ಇದು ಬೋಟು, ಬಂದಿ ಇರುವಾಗ?'
'ಬೋಟಲ್ಲ ಮೇಸ್ತ್ರಿ, ಹಾಡು.'

ಹೊಗೆಯ ದೀಪಸ್ತಂಭ.
ಅದೇ ಪೆಟ್ಟು, ಅದೇ ಕಡೆ ಬೀಳದೆ,
ಪ್ರತಿ ಸುತ್ತಿಗೂ ಅಷ್ಟೇ ಕರಾರುವಾಕ್ಕಾಗಿ ಬೀಳದೆ.
ಕಾಜುಬಾಗದ ಭಜನೆಯಲ್ಲಿ ಅಪ್ಪ ರೂಪಕ ನುಡಿಸುವಾಗ
ಎದುರು ಕೂತು ತಾಳ ಹಾಕುತ್ತಿದ್ದವ ನಾನು.
ಏಳರ ಮೊದಲನೆಯದಕ್ಕೇ ಅಂಗೈ ಗಾಳಿಗೆ:
ಆ ತಾಳದಲ್ಲಿ ಸಮವೇ ಖಾಲಿ.
ಗೊತ್ತಿತ್ತಲ್ಲ.
ಹಾರ್ಮೋನಿಯಂ ಜೊತೆ ಬಂದರೆ ತಲೆದೂಗಿದ್ದು,
ಕರಿ ಅಂಗಿ ತೊಟ್ಟು ಬಂದದ್ದಕ್ಕೆ ನಕ್ಕುಬಿಟ್ಟೆ.

ಮೂರನೆಯ ಹಾಡು ಈಗಲೂ ಕೆಟ್ಟದ್ದೇ.
ಆ ನಕ್ಷತ್ರಗಳು ಈಗಲೂ ಮದುವೆಯವೇ.
ಆದರೆ ಏಣಿಗೆ ಅಟ್ಟ ಇದೆ,
ಹನ್ನೆರಡನೆಯ ನಿಮಿಷದಲ್ಲಿ.
ಒಂದು ನಿಮಿಷ ಮೊದಲು ಇಳಿದುಬಿಟ್ಟಿದ್ದೆ.

ಸಂಜೆ ಸದಾಶಿವಗಡಕ್ಕೆ ಫೋನು ಹಚ್ಚಿದೆ.
ಇನಾಸನದು ಈಗ ಅಲ್ಲಿ ಐಸ್ ಪ್ಲಾಂಟು.
'ಯಾವುದು, ಅದಾ? ದೇವರೇ! ನನಗೂ ಹಿಡಿಸಿರಲಿಲ್ಲ ಪಾತ್ರಾಂವ್,
ನಿನಗಾದರೂ ತಿಳಿದೀತು ಅಂತ ಕೊಟ್ಟೆ.'
ನಗುತ್ತಲೇ ಇದ್ದ. ಕ್ಯಾಂಟೀನಿನ ಮಾತು
ಎತ್ತಬೇಕೆಂದಿದ್ದೆ, ಎತ್ತಲಿಲ್ಲ.
ಅವನ ಹಿಂದೆ ಐಸು ಪುಡಿ ಮಾಡುವ ಮಷೀನು.
'ಬೆಲ್ಟು ಸಡಿಲಾಗಿದೆ ಮಾರಾಯ,' ಎಂದೆ,
'ನಾಳೆ ಬರ್ತೇನೆ.'